ನೀರಿಗೆ ಮುನ್ನ ಉಡುಪಿನ ಪಾಠ

ಹೇಮಗಿರಿಯ ಅಣೆ ದಾಟಿದ ಹೇಮಾವತಿ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ನೀರಿನಲ್ಲೊಂದು ಪಾಲು ವಿಶ್ವೇಶ್ವರಯ್ಯ ನಾಲೆಯಾಗಿ ಪಾಂಡವಪುರದ ಕಡೆ ಹರಿಯುತ್ತದೆ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸೊಂದು ಅದೇ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಮುಳುಗಿದ ವಾಹನದಿಂದ ಹೊರಬರುವ ವಿದ್ಯೆಯ ಚರಿತ್ರೆಯನ್ನು ನಾನು ಹುಡುಕತೊಡಗಿದ್ದು ಆಮೇಲೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಗೆ 'ಡಿಲ್ಬರ್ಟ್ ಡಂಕರ್' ಎಂಬ ಸಾಧನ ಬಂತು. ಪೈಲಟ್ ಕೂತ ಕಾಕ್‌ಪಿಟ್ಟನ್ನು ಹಳಿಯ ಮೇಲೆ ಜಾರಿಸಿ ಕೊಳದಲ್ಲಿ ಮಗುಚುತ್ತಿದ್ದರು. ಹೆಲಿಕಾಪ್ಟರಿಗೆ ಎಂಜಿನ್ನಿನ ಭಾರ ಮೇಲಿರುವುದರಿಂದ ನೀರಿಗೆ ಬಿದ್ದರೆ ಬೇಗ ಬುಡಮೇಲಾಗುತ್ತದೆ. ಹಾಗಾಗಿ ಕಡಲಿನ ತೈಲಬಾವಿಗಳಿಗೆ ಹಾರುವ ಕೆಲಸಗಾರರಿಗೂ ಇಂಥ ತರಬೇತಿ ಬಂತು.

ಅಲ್ಲಿ ನೀರಿಗಿಳಿಯುವ ಮುನ್ನವೇ ಉಡುಪಿನ ಪಾಠ. ಜೇಬು ಖಾಲಿಯಿರಬೇಕು, ಉಂಗುರ ಸರ ತೆಗೆದಿಡಬೇಕು, ಜಿಪ್ ಪೂರ್ತಿ ಎಳೆದಿರಬೇಕು, ಪಟ್ಟಿಗಳ ಸಡಿಲ ತುದಿ ಒಳಗೆ ಸಿಕ್ಕಿಸಿರಬೇಕು. ತೂಗಾಡುವ ಒಂದು ಪಟ್ಟಿ ಸೀಟಿಗೆ ಸಿಕ್ಕಿಕೊಂಡರೆ ಕಿಟಕಿ ತೆರೆದಿದ್ದೂ ಫಲವಿಲ್ಲ. ಲೈಫ್ ಜಾಕೆಟ್ಟನ್ನು ಒಳಗೇ ಊದಿಸಕೂಡದು. ಅದು ಮನುಷ್ಯನನ್ನು ಮೇಲಕ್ಕೊತ್ತಿ ಅಲ್ಲೇ ಹಿಡಿದಿಡುತ್ತದೆ. ಒಂದು ಕೈ ಕಿಟಕಿಯ ಚೌಕಟ್ಟನ್ನು ಬಿಡಬಾರದು. ವಾಹನದ ಹೊರಳಾಟ ನಿಂತ ಮೇಲೆಯೇ ಬೆಲ್ಟ್ ಬಿಚ್ಚಬೇಕು.

ಹೊಳೆ ದಾಟುವಾಗ ಪಂಚೆ ಎತ್ತಿ ಕಟ್ಟಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸುವ ನಮ್ಮವರ ತಿಳಿವಳಿಕೆಯೂ ಇದೇ. ಆದರೆ ಬಸ್ ಹತ್ತುವಾಗ ಹೊಳೆ ಯಾರ ನೆನಪಿಗೂ ಬರುವುದಿಲ್ಲ. ನಾಲೆ ಏರಿಯ ಮೇಲೆ ದಿನವೂ ಓಡಾಡುವ ಮಕ್ಕಳಿಗೆ ತುರ್ತು ಬಾಗಿಲು ಎಲ್ಲಿದೆ, ಹೆಗಲ ಬ್ಯಾಗನ್ನು ಯಾವಾಗ ಕಳಚಬೇಕು ಎಂದು ಕಲಿಸಲು ಈಜುಕೊಳ ಬೇಕಿಲ್ಲ. ನಿಂತ ಬಸ್ಸೊಂದು ಸಾಕು.