ಹಗೇವಿನ ಜೋಳ, ಒಡಲಿನ ಕಣಜ

ಘಟಪ್ರಭಾ ನದಿಯ ಇಕ್ಕೆಲಗಳಲ್ಲಿರುವ ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯಲ್ಲಿ ಇಂದು ಕಬ್ಬಿನ ಹಸಿರು ಎದ್ದು ಕಾಣುತ್ತದೆ. ನೂರೈವತ್ತು ವರ್ಷಗಳ ಹಿಂದೆ ಈ ನೆಲದ ಚಿತ್ರ ಬೇರೆಯಾಗಿತ್ತು. ಬಹುಪಾಲು ಹೊಲಗಳು ಮಳೆಯನ್ನೇ ನಂಬಿದ್ದವು; ಜೋಳದ ರೊಟ್ಟಿಯೇ ಜನರ ಮುಖ್ಯ ಆಹಾರವಾಗಿತ್ತು. ಬೆಳೆದುದರಲ್ಲಿ ದಿನಬಳಕೆಗೆ ಬೇಕಾದಷ್ಟನ್ನು ಮನೆಯ ಕಣಜದಲ್ಲಿರಿಸಿ, ಮಿಕ್ಕುದನ್ನು ನೆಲದಡಿಯ ಹಗೇವಿಗೆ ತುಂಬಿ ಮಣ್ಣಿನಿಂದ ಮುಚ್ಚುವುದು ಉತ್ತರ ಕರ್ನಾಟಕದ ರೈತರ ಹಳೆಯ ಪದ್ಧತಿ. ಕಣಜ ಇಂದಿನ ಊಟಕ್ಕೆ, ಹಗೇವು ಬರಗಾಲಕ್ಕೆ.

ಬಹುಕಾಲ ಮುಚ್ಚಿದ್ದ ಹಗೇವಿಗೆ ಕೂಡಲೇ ಇಳಿಯಬಾರದೆಂಬ ಎಚ್ಚರ ಹಿರಿಯರಲ್ಲಿತ್ತು. ಕಾಳು ಕೂಡ ಜೀವವುಳ್ಳದ್ದು. ಅದು ಉಸಿರಾಡುತ್ತ ತನ್ನ ಪಿಷ್ಟವನ್ನು ನಿಧಾನವಾಗಿ ಉರಿಸುತ್ತದೆ. ಒಳಗಿನ ಆಮ್ಲಜನಕ ಕ್ಷೀಣಿಸಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ನಮ್ಮ ಜೀವಕೋಶಗಳಲ್ಲಿ ನಡೆಯುವುದೂ ಇಂಥದೇ ಜ್ವಾಲೆಯಿಲ್ಲದ ಉರಿ.

ದೇಹದ ಉಗ್ರಾಣವೂ ಇದೇ ಲೆಕ್ಕಾಚಾರದ್ದು. ರೊಟ್ಟಿಯ ಪಿಷ್ಟವು ಜೊಲ್ಲಿನಲ್ಲಿಯೇ ಒಡೆಯತೊಡಗಿ, ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಆದರೆ ಬರಿ ಹೊಟ್ಟೆಯಲ್ಲಿರುವ ಆರೋಗ್ಯವಂತ ವಯಸ್ಕರ ರಕ್ತದಲ್ಲಿ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಮಾತ್ರ. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಬೇಡುತ್ತದೆ. ಆದುದರಿಂದ ದೇಹವು ಗ್ಲೂಕೋಸನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂನಷ್ಟು ಕೂಡಿಡುತ್ತದೆ. ಸ್ನಾಯು ತನ್ನ ಪಾಲನ್ನು ತನ್ನ ದುಡಿಮೆಗೇ ವ್ಯಯಿಸುತ್ತದೆ. ಯಕೃತ್ತು ಇಡೀ ದೇಹಕ್ಕೆ ಹಂಚುತ್ತದೆ. ಇದು ಒಡಲಿನ ಕಣಜ. ಅದು ತುಂಬಿದ ಮೇಲೂ ತಿನ್ನುತ್ತಲೇ ಇದ್ದರೆ ಮಿಕ್ಕ ಪಿಷ್ಟದಲ್ಲಿ ಒಂದಿಷ್ಟು ಕೊಬ್ಬಾಗಿ ಮಾರ್ಪಡುತ್ತದೆ. ಊಟದೊಡನೆ ಬಂದ ಕೊಬ್ಬೂ ಖರ್ಚಾಗದೆ ಶೇಖರವಾಗುತ್ತದೆ. ಇದು ಒಡಲಿನ ಹಗೇವು.

ಈ ಕಣಜವನ್ನು ಜಗತ್ತಿಗೆ ತೋರಿಸಿದವರು ಫ್ರಾನ್ಸಿನ ವಿಜ್ಞಾನಿ ಕ್ಲೋಡ್ ಬರ್ನಾರ್ಡ್. ಪ್ರಾಣಿಯ ಯಕೃತ್ತನ್ನು ಸಕ್ಕರೆಯ ಅಂಶ ಉಳಿಯದಂತೆ ತೊಳೆದಿಟ್ಟರೂ ಮರುದಿನ ಅದರಲ್ಲಿ ಮತ್ತೆ ಸಕ್ಕರೆ ಕಂಡುಬಂದುದನ್ನು ಅವರು 1855ರಲ್ಲಿ ವರದಿ ಮಾಡಿದರು. 1857ರಲ್ಲಿ ಗ್ಲೈಕೋಜನನ್ನು ಬೇರ್ಪಡಿಸಿದರು.

ಇದಾದ ಇಪ್ಪತ್ತು ವರ್ಷಕ್ಕೆ ನಮ್ಮ ನಾಡಿನ ಕಣಜ ಹಗೇವುಗಳೆರಡೂ ಬರಿದಾದವು. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರವು ಬೆಳಗಾವಿ, ಕಲಾದಗಿ, ಧಾರವಾಡ ಜಿಲ್ಲೆಗಳನ್ನು ಕಂಗೆಡಿಸಿತು. 1877ರ ಆರಂಭದಲ್ಲಿ ಸರಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ 1 ಪೌಂಡ್ ಧಾನ್ಯ ಮತ್ತು ಕೊಂಚ ಚಿಲ್ಲರೆ ಸಾಕೆಂದು ಗೊತ್ತುಪಡಿಸಿದರು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಇಂದಿನ ಲೆಕ್ಕದಲ್ಲಿ ಆ 450 ಗ್ರಾಂ ಧಾನ್ಯ ಕೊಡುವುದು ಸುಮಾರು 1,500 ಕಿಲೊಕ್ಯಾಲರಿ. ದಿನವಿಡೀ ಮಣ್ಣು ಹೊರುವವನಿಗೆ ಅದು ಯಾವ ಮೂಲೆಗೂ ಸಾಲದು. ಒಂದು ದಿನದ ಉಪವಾಸದಲ್ಲೇ ಯಕೃತ್ತಿನ ಕಣಜ ಬಹುಮಟ್ಟಿಗೆ ಖಾಲಿಯಾಗುತ್ತದೆ. ಬಳಿಕ ದೇಹವು ಕೊಬ್ಬನ್ನು ಉರಿಸುತ್ತದೆ. ಗ್ಲೂಕೋಸಿಗಾಗಿ ತನ್ನ ಸ್ನಾಯುವನ್ನೇ ಕರಗಿಸುತ್ತದೆ. ಕೂಲಿಯಲ್ಲಿ ಉಳಿಸಿದ ಧಾನ್ಯವನ್ನು ಕೂಲಿಗಾರನ ಮೈ ತೆರಬೇಕಾಯಿತು.

ಅನಂತರ ನೀರು ಬಂದಿತು. 1897ರಲ್ಲಿ ಧೂಪದಾಳದ ಬಳಿ ಘಟಪ್ರಭೆಗೆ ಒಡ್ಡು ಕಟ್ಟಿ ಕಾಲುವೆ ಹರಿಸಲಾಯಿತು. ಸ್ವಾತಂತ್ರ್ಯಾನಂತರ ಹಿಡಕಲ್ ಜಲಾಶಯ ಎದ್ದಿತು. ಕಬ್ಬಿನ ಗದ್ದೆಗಳು ಹರಡಿದವು. ಸಂಕೇಶ್ವರದ ಹಿರಣ್ಯಕೇಶಿಯಂಥ ಸಹಕಾರಿ ಸಕ್ಕರೆ ಕಾರ್ಖಾನೆಗಳು ಬಂದವು. ರೈತನ ಕೈಗೆ ಹಣ ಬಂದುದು ಸಣ್ಣ ಸಂಗತಿಯಲ್ಲ. ಆದರೆ ಕೂಡಿಡುವುದನ್ನೇ ಕಲಿತ ಒಡಲು ಈಗ ಬರವಿಲ್ಲದ ಸುಗ್ಗಿಯನ್ನು ಎದುರಿಸಬೇಕಾಯಿತು.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1990ರ ದಶಕದಿಂದ ಗ್ರಾಮೀಣ ತಾಯಂದಿರನ್ನೂ ಮಕ್ಕಳನ್ನೂ ಅಭ್ಯಸಿಸಿ, ನಮ್ಮ ಶಿಶುಗಳು ತೂಕದಲ್ಲಿಯೂ ಸ್ನಾಯುವಿನಲ್ಲಿಯೂ ಕಡಿಮೆಯಿದ್ದರೂ ಕೊಬ್ಬಿನಲ್ಲಿ ಅಷ್ಟು ಕಡಿಮೆಯಿಲ್ಲವೆಂದು ತೋರಿಸಿದರು. ಸ್ನಾಯು ಕಡಿಮೆಯೆಂದರೆ ಕಣಜ ಚಿಕ್ಕದು. ರಕ್ತದ ಗ್ಲೂಕೋಸನ್ನು ಕಣಜದ ಬಾಗಿಲೊಳಗೆ ಬಿಡುವುದು ಇನ್ಸುಲಿನ್. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಪಡೆದರು. ಕಣಜ ಸದಾ ತುಂಬಿಯೇ ಇದ್ದು, ಮೈ ದುಡಿಯದೆ ಕುಳಿತರೆ ಇನ್ಸುಲಿನ್ ಮಾತನ್ನು ಸ್ನಾಯು ಸರಿಯಾಗಿ ಕೇಳದಾಗುತ್ತದೆ. ಸಕ್ಕರೆ ರಕ್ತದಲ್ಲೇ ನಿಲ್ಲುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳೆಂದು ಅಂದಾಜಿಸಿದೆ.

ಹಾಗೆಂದು ರೊಟ್ಟಿಯನ್ನೂ ಬೆಲ್ಲವನ್ನೂ ಶತ್ರುಗಳೆಂದು ಕಾಣಬೇಕಿಲ್ಲ. ಬೆಲ್ಲ, ಅಂಟು, ಕೊಬ್ಬರಿ, ಒಣಹಣ್ಣುಗಳಿಂದಾದ ಗೋಕಾಕದ ಕರದಂಟು ದುಡಿಯುವ ಮೈಗೆ ಹೇಳಿ ಮಾಡಿಸಿದ ತಿನಿಸು. ಕುಳಿತ ಮೈಗೆ ಅದೇ ಹೊರೆ. ಸಕ್ಕರೆಯ ಬದಲು ಬೆಲ್ಲ ಎಷ್ಟಾದರೂ ತಿನ್ನಬಹುದೆಂಬ ನಂಬಿಕೆಗೂ ಆಧಾರವಿಲ್ಲ. ಎರಡರಲ್ಲಿಯೂ ಮುಖ್ಯವಾಗಿ ಇರುವುದು ಸುಕ್ರೋಸ್. ಕಾಳುಪಲ್ಯ, ಸೊಪ್ಪಿನೊಡನೆ ಉಂಡ ಜೋಳದ ರೊಟ್ಟಿ ನಿಧಾನವಾಗಿ ಕರಗುತ್ತದೆ. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೆ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಹೊಸ ಸುಗ್ಗಿಗೆ ಮುನ್ನ ಕಣಜದಲ್ಲಿ ಜಾಗ ಮಾಡಿಕೊಳ್ಳುವುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಒಡಲಿನ ಕಣಜಕ್ಕೂ ಅಷ್ಟೇ ಬೇಕು.