ಮೂಳೆ ಮತ್ತು ಕೀಲು ನೋವು: ನೇರವಾಗಿ ಆಸ್ಪತ್ರೆಗೆ ಬರುವ ರೋಗಿಗಳ ಅನುಭವ ಹಾಗೂ ಸೂಚನೆಗಳು

ಸೊಂಟ, ಮಂಡಿ, ಕುತ್ತಿಗೆ ಹಾಗೂ ಭುಜದ ನೋವಿಗೆ ಸರ್ಕಾರಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲು ಬೇರೆ ವೈದ್ಯರ ಶಿಫಾರಸು ಪತ್ರದ ಅಗತ್ಯವಿರುವುದಿಲ್ಲ. ರೋಗಿಯು ಹೊರರೋಗಿ ಚೀಟಿ ಪಡೆದು, ಮೂಳೆ ತಜ್ಞರಿರುವಲ್ಲಿ ನೇರವಾಗಿ ಅವರನ್ನು ಕಾಣಬಹುದು. ಅವಶ್ಯವಿದ್ದಲ್ಲಿ ತಜ್ಞರು ಫಿಸಿಯೋಥೆರಪಿ ಘಟಕಕ್ಕೆ ಕಳುಹಿಸುತ್ತಾರೆ. ವಯೋವೃದ್ಧರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮವು (2010-11ರಲ್ಲಿ ಪ್ರಾರಂಭ) ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯ ನಾಗರಿಕರಿಗೆ ಫಿಸಿಯೋಥೆರಪಿ ಸೇವೆಯನ್ನೂ ಒಳಗೊಂಡಿದೆ.

ರೋಗಿಗಳ ಸಾಮಾನ್ಯ ಅನುಭವಗಳು:

1. ತಡವಾಗಿ ಬರುವುದು: ಅನೇಕರು ಎಣ್ಣೆ ತಿಕ್ಕಿಸಿಕೊಂಡು, ಔಷಧಿ ಅಂಗಡಿಯ ಮಾತ್ರೆ ನುಂಗಿ, ತಿಂಗಳುಗಟ್ಟಲೆ ಕಳೆದ ನಂತರ ಬರುತ್ತಾರೆ. ನೋವುನಿವಾರಕ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ದೀರ್ಘಕಾಲ ಸೇವಿಸಿದಲ್ಲಿ ಜಠರದ ಹುಣ್ಣು, ರಕ್ತಸ್ರಾವ ಹಾಗೂ ಮೂತ್ರಪಿಂಡದ ಹಾನಿ ಸಂಭವಿಸಬಹುದು.

2. ನಿರೀಕ್ಷೆ: ಚುಚ್ಚುಮದ್ದು ಅಥವಾ ಎಕ್ಸ್-ರೇ ನಿರೀಕ್ಷಿಸಿ ಬಂದವರು, ವ್ಯಾಯಾಮವನ್ನಷ್ಟೇ ಹೇಳಿದಾಗ ನಿರಾಶರಾಗುವುದುಂಟು. ಇತ್ತೀಚೆಗೆ ಪ್ರಾರಂಭವಾದ ಸಾಮಾನ್ಯ ಸೊಂಟನೋವಿಗೆ ಎಕ್ಸ್-ರೇ ಬಹುಪಾಲು ಅನವಶ್ಯಕ. ಹೆಚ್ಚಿನವರಲ್ಲಿ ಇಂತಹ ನೋವು ಕೆಲವು ವಾರಗಳಲ್ಲಿ ತಗ್ಗುತ್ತದೆ. ಮಂಡಿ ಸವೆತಕ್ಕೆ ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೇ ಮುಖ್ಯ ಚಿಕಿತ್ಸೆ. ನಾಲ್ಕು ದಿನ ಮಾಡಿ ಬಿಟ್ಟವರಿಗೆ ಪ್ರಯೋಜನ ಕಾಣುವುದಿಲ್ಲ.

3. ಕೂಲಿ ನಷ್ಟ: ದಿನಗೂಲಿ ಬಿಟ್ಟು ಪದೇ ಪದೇ ಬರುವುದು ಬಡ ರೋಗಿಗಳಿಗೆ ಕಷ್ಟಕರ. ಅಂತಹವರು ಮನೆಯಲ್ಲಿಯೇ ಮಾಡಬಹುದಾದ ವ್ಯಾಯಾಮವನ್ನು ಮೊದಲ ಭೇಟಿಯಲ್ಲಿಯೇ ಕಲಿಸಿಕೊಡುವಂತೆ ಕೋರಬಹುದು.

ವಿಶೇಷ ಗಮನಕ್ಕೆ:

ಹೊರರೋಗಿ ತಪಾಸಣೆಗೆ ಶಿಫಾರಸು ಬೇಡವೆಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಗೂ ಬೇಡವೆಂದು ಭಾವಿಸತಕ್ಕದ್ದಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ, ತುರ್ತು ಸಂದರ್ಭಗಳನ್ನು ಹೊರತುಪಡಿಸಿ, ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅವಶ್ಯಕ. ಇದನ್ನು ತಿಳಿಯದೆ ನೇರವಾಗಿ ದಾಖಲಾದವರು ಸಾಲ ಮಾಡಿ ವೆಚ್ಚ ಭರಿಸಬೇಕಾಗಬಹುದು. ಆದುದರಿಂದ ದಾಖಲಾಗುವ ಮುನ್ನವೇ ವಿಚಾರಿಸತಕ್ಕದ್ದು.

ತಡಮಾಡಬಾರದ ಲಕ್ಷಣಗಳು:

ಅ) ಸೊಂಟನೋವಿನೊಂದಿಗೆ ಮಲಮೂತ್ರದ ಹತೋಟಿ ತಪ್ಪುವುದು ಅಥವಾ ಮೂತ್ರ ಕಟ್ಟುವುದು, ತೊಡೆಸಂದಿ ಮರಗಟ್ಟುವುದು, ಕಾಲಿನ ಬಲ ಕುಂದುವುದು.
ಆ) ಜ್ವರದೊಂದಿಗೆ ಕೀಲು ಊದಿ ಕೆಂಪಾಗುವುದು.
ಇ) ಬಿದ್ದ ನಂತರ ಕಾಲೂರಲು ಆಗದಿರುವುದು.
ಈ) ಬೆನ್ನುನೋವಿನೊಂದಿಗೆ ಸಂಜೆಯ ಜ್ವರ ಹಾಗೂ ತೂಕ ಇಳಿಕೆ. ಇದು ಬೆನ್ನುಮೂಳೆಯ ಕ್ಷಯದ ಲಕ್ಷಣವಿರಬಹುದು.

ಮೊದಲ ಮೂರು ಸಂದರ್ಭಗಳಲ್ಲಿ ಸರದಿಗಾಗಿ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗತಕ್ಕದ್ದು. ವಾಹನಕ್ಕಾಗಿ 108ಕ್ಕೆ ಕರೆ ಮಾಡಬಹುದು. ನಾಲ್ಕನೆಯ ಲಕ್ಷಣವಿದ್ದವರು ವಿಳಂಬವಿಲ್ಲದೆ ವೈದ್ಯರನ್ನು ಕಾಣತಕ್ಕದ್ದು.

ಆಸ್ಪತ್ರೆಗೆ ಬರುವಾಗ ಹಿಂದಿನ ಚೀಟಿ, ಎಕ್ಸ್-ರೇ ಹಾಗೂ ಸೇವಿಸುತ್ತಿರುವ ಮಾತ್ರೆಗಳನ್ನು ತಪ್ಪದೆ ತರುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.