ಸರ್ಕಾರದ ಹಳೆಯ ದಫ್ತರಗಳು

ಇಂದು ಯಾವ ಕಚೇರಿಯ ಗುಮಾಸ್ತೆಯನ್ನು ಕೇಳಿದರೂ, ಕಡತವೆಂದರೆ ದಾರದಿಂದ ಕಟ್ಟಿದ ಕಾಗದಗಳ ಕಂತೆಯೆಂದೇ ಹೇಳುವನು. ಈ ಶಬ್ದಕ್ಕೆ ಹಿಂದಿದ್ದ ಅರ್ಥವೇ ಬೇರೆ. ನಮ್ಮ ನಾಡಿನ ಶಾನುಭೋಗರೂ ವರ್ತಕರೂ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಅದು ಒಣಗಿ ಗಡುಸಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದರು. ಅದೇ ಕಡತ. ಬೇಡವಾದ ಬರಹವನ್ನು ಒರಸಿ ಅದರ ಮೇಲೆಯೇ ಮತ್ತೆ ಬರೆಯಬಹುದಾಗಿದ್ದಿತು. ಇದು ಬರೆಯುವವನಿಗೆ ಅನುಕೂಲ, ಚರಿತ್ರಕಾರನಿಗೆ ನಷ್ಟ.

ಕಾಗದಪತ್ರಗಳು ಉಳಿಯುವುದೂ ಅಳಿಯುವುದೂ ಅನೇಕವೇಳೆ ರಾಜ್ಯದ ಭಾಗ್ಯವನ್ನು ಅನುಸರಿಸುವುವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಟೀಪೂ ಸುಲ್ತಾನನ ಪಾರಸೀ ಪತ್ರಗಳು ಗೆದ್ದವರ ಕೈಸೇರಿದುವು. ಅವುಗಳಲ್ಲಿ ಕೆಲವನ್ನು ಆರಿಸಿ ಕರ್ಕ್‌ಪ್ಯಾಟ್ರಿಕ್ ಎಂಬ ಅಧಿಕಾರಿಯು 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಆರಿಸಿದವನು ಶತ್ರುಪಕ್ಷದವನೆಂಬುದನ್ನು ಓದುಗರು ಮರೆಯತಕ್ಕುದಲ್ಲ. ಅದೇ ಸುಲ್ತಾನನು ಶೃಂಗೇರಿಯ ಜಗದ್ಗುರುಗಳಿಗೆ ಬರೆಯಿಸಿದ ಕನ್ನಡ ಪತ್ರಗಳಾದರೋ ಮಠದಲ್ಲಿಯೇ ಭದ್ರವಾಗಿದ್ದು, 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದುವು. ಮಠದವರು ಅವನ್ನು ಬಿಸುಟಿದ್ದರೆ ಆ ಅರಸನ ಚರಿತ್ರೆಯ ಒಂದು ಮುಖವೇ ನಮಗೆ ಕಾಣುತ್ತಿರಲಿಲ್ಲ.

ಇನ್ನು ಭಾರತ ಸರ್ಕಾರದ ದಫ್ತರಗಳ ವಿಷಯ. ಅವುಗಳ ಸಂರಕ್ಷಣೆಯ ಮಾತು ಮೊದಲು ಎದ್ದದ್ದು ಚರಿತ್ರೆಯ ಮೇಲಣ ಪ್ರೀತಿಯಿಂದಲ್ಲ, ಸ್ಥಳದ ಇಕ್ಕಟ್ಟಿನಿಂದ. 1860ರಲ್ಲಿ ಸಿವಿಲ್ ಆಡಿಟರ್ ಸ್ಯಾಂಡ್‌ಮನ್ ಎಂಬಾತನು, ನಿತ್ಯವ್ಯವಹಾರದ ಕಾಗದಗಳನ್ನು ನಾಶಮಾಡಿ ಕಚೇರಿಗಳನ್ನು ಹಗುರಗೊಳಿಸಬೇಕೆಂದೂ, ಬೆಲೆಯುಳ್ಳವನ್ನು ಒಂದು ದೊಡ್ಡ ಕೇಂದ್ರ ಪತ್ರಾಗಾರಕ್ಕೆ ಸಾಗಿಸಬೇಕೆಂದೂ ಸೂಚಿಸಿದನು. ಸುಡುವ ಸಲಹೆ, ಉಳಿಸುವ ಸಲಹೆ ಎರಡೂ ಒಂದೇ ವರದಿಯಲ್ಲಿ! ಆದರೆ ಪತ್ರಾಗಾರವು ಮೂರು ದಶಕಗಳವರೆಗೂ ಆಗಲಿಲ್ಲ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಪ್ರೊಫೆಸರ್ ಫಾರೆಸ್ಟ್ ವಿದೇಶಾಂಗ ಇಲಾಖೆಯ ದಫ್ತರಗಳನ್ನು ಪರೀಕ್ಷಿಸಿ, ಕಂಪೆನಿಯ ಕಾಲದ ಪತ್ರಗಳನ್ನೆಲ್ಲ ಒಂದೆಡೆ ಸೇರಿಸಬೇಕೆಂದು ಬಲವಾಗಿ ವಾದಿಸಿದ ಮೇಲೆ, 1891ನೆಯ ಮಾರ್ಚಿ 11ರಂದು ಕಲ್ಕತ್ತೆಯಲ್ಲಿ ಆ ಇಲಾಖೆಯು ಸ್ಥಾಪಿತವಾಯಿತು. ರಾಜಧಾನಿಯು ದೆಹಲಿಗೆ ಹೋದಮೇಲೆ ಲಟ್ಯನ್ಸ್ ಯೋಜಿಸಿದ ಕಟ್ಟಡವು 1926ರಲ್ಲಿ ಮುಗಿಯಿತು. ಕಲ್ಕತ್ತೆಯಿಂದ ದಫ್ತರಗಳೆಲ್ಲ ಬಂದು ಸೇರಲು 1937 ಆಯಿತು. 1947ರಲ್ಲಿ ಅದಕ್ಕೆ ರಾಷ್ಟ್ರೀಯ ಪತ್ರಾಗಾರವೆಂಬ ಹೆಸರು ಬಂದಿತು.

ಕಟ್ಟಡವಾದೊಡನೆ ಕಾಗದಕ್ಕೆ ಅಭಯ ದೊರೆತಂತಲ್ಲ. ಧೂಳು, ಗೆದ್ದಲು, ತೇವ ಇವು ಹೊರಗಿನ ಶತ್ರುಗಳು. ಒಳಗಿನ ಶತ್ರುವು ಶಾಯಿಯೇ! ಮಾಚಿಕಾಯಿ, ಅನ್ನಭೇದಿಗಳಿಂದ ಮಾಡಿದ ಹಳೆಯ ಶಾಯಿಯಲ್ಲಿ ಆಮ್ಲವುಂಟು. ಅದು ವರ್ಷಗಳು ಕಳೆದಂತೆ ಅಕ್ಷರವಿದ್ದ ಕಡೆಯೇ ಕಾಗದವನ್ನು ತಿನ್ನುವುದು. ಆದುದರಿಂದ ಪತ್ರಗಳನ್ನು ಶುಚಿಮಾಡಿ, ಹೊಗೆಯಿಂದ ಹುಳುಗಳನ್ನು ಕೊಂದು, ಆಮ್ಲವನ್ನು ತೊಲಗಿಸಿ, ಶಿಥಿಲವಾದ ಹಾಳೆಗೆ ತೆಳುಗಾಗದದ ಹೊದಿಕೆಯನ್ನು ಹಾಕುವರು. ಯಂತ್ರದಲ್ಲಿ ಕಾಯಿಸಿ ಒತ್ತುವ ಕ್ರಮವು ಅಮೆರಿಕದಿಂದ ಬಂದಿದ್ದಿತು. ಅಂತಹ ಯಂತ್ರವಿಲ್ಲದ ಸಣ್ಣ ಸಂಸ್ಥೆಗಳಿಗಾಗಿ ದೆಹಲಿಯ ಪತ್ರಾಗಾರದವರೇ 1950ರ ದಶಕದಲ್ಲಿ ಒಂದು ಸುಲಭೋಪಾಯವನ್ನು ಕಂಡುಹಿಡಿದರು. ಹಾಳೆಯ ಎರಡು ಮಗ್ಗುಲಿಗೂ ಸೆಲ್ಯುಲೋಸ್ ಅಸಿಟೇಟಿನ ಪೊರೆಯನ್ನೂ ಅದರ ಮೇಲೆ ತೆಳುಗಾಗದವನ್ನೂ ಇಟ್ಟು, ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಸವರಿದರೆ ಪೊರೆಯು ಕರಗಿ ಎಲ್ಲವನ್ನೂ ಅಂಟಿಸುವುದು. ಬೆಂಕಿಯೂ ಬೇಡ, ಯಂತ್ರವೂ ಬೇಡ.

ಕಾನೂನು ಬಂದದ್ದು ಬಹಳ ತಡವಾಗಿ, 1993ರಲ್ಲಿ. ಅದರಂತೆ ಸರ್ಕಾರದ ಕಾಗದವನ್ನು ನಿಯಮಮೀರಿ ನಾಶಮಾಡಿದವನಿಗೆ ಐದು ವರ್ಷಗಳವರೆಗೆ ಸೆರೆಮನೆಯಾಗಬಹುದು, ಹತ್ತು ಸಾವಿರ ರೂಪಾಯಿಗಳವರೆಗೆ ಜುಲ್ಮಾನೆಯೂ ಉಂಟು. 1892ಕ್ಕೆ ಹಿಂದಿನ ಯಾವ ಪತ್ರವನ್ನೂ, ಅದು ಪೂರ್ಣವಾಗಿ ಕೆಟ್ಟುಹೋಗಿದೆಯೆಂದು ಪತ್ರಾಗಾರದ ಮುಖ್ಯಾಧಿಕಾರಿಯು ಹೇಳಿದ ಹೊರತು, ಯಾರೂ ನಾಶಮಾಡುವಂತಿಲ್ಲ. ಕಂಪ್ಯೂಟರಿನಲ್ಲಿ ಹುಟ್ಟಿದ ಬರಹವೂ ಈ ಕಾನೂನಿನ ಅರ್ಥದಲ್ಲಿ ದಫ್ತರವೇ. ಅದನ್ನು ಒರಸುವುದಕ್ಕಾದರೋ ಕಡತವನ್ನು ಒರಸುವಷ್ಟು ಶ್ರಮವೂ ಬೇಕಿಲ್ಲ.